ಡ್ರ್ಯಾಗ್ ಕಾರು ಮಾರುವುದು ಹೇಗೆ: ಬೆಲೆ ಕಟ್ಟುವಲ್ಲಿಂದ ಆರ್‌ಸಿ ಬದಲಾಗುವವರೆಗೆ

ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಬಾಡಿಗೆ ಶೆಡ್ ಹಿಡಿದು, ಮೂರು ವರ್ಷ ರಾತ್ರಿ ಹೊತ್ತು ಕೂತು ನಾನು ಡ್ರ್ಯಾಗ್ ರೇಸಿಗೆ (ನಿಂತಲ್ಲಿಂದ ಹೊರಟು 402 ಮೀಟರ್ ನೇರ ಓಡುವ ಪಂದ್ಯ) ಕಟ್ಟಿದ ಮಾರುತಿ ಎಸ್ಟೀಮ್‌ಗೆ ಖರ್ಚಾದದ್ದು 8 ಲಕ್ಷ 15 ಸಾವಿರ. ಮಾರಿದ್ದು 4 ಲಕ್ಷ 60 ಸಾವಿರಕ್ಕೆ. ಕೇಳಿದವರೆಲ್ಲ "ಲುಕ್ಸಾನ ಆತಲ್ಲೋ" ಅನ್ನುತ್ತಾರೆ. ನನಗೆ ಹಾಗೆ ಅನ್ನಿಸಿಲ್ಲ. ಆ ಗಾಡಿಗೆ ಸಿಗಬೇಕಾದ ಬೆಲೆ ಸಿಕ್ಕಿತು, ಸರಿಯಾದ ಮನೆಗೆ ಹೋಯಿತು, ಕಾಗದವೂ ಬದಲಾಯಿತು. ಅದಕ್ಕೂ ಮೊದಲು ಮಾರಿದ ಇನ್ನೊಂದು ಗಾಡಿಯಲ್ಲಿ ಮಾತ್ರ ನಿಜವಾಗಿ ಕಳೆದುಕೊಂಡೆ. ಆ ಎರಡು ವ್ಯಾಪಾರಗಳಿಂದ ಕಲಿತದ್ದನ್ನು, ನಮ್ಮ ಕಡೆ ಗಾಡಿ ಕಟ್ಟುವ ಹುಡುಗರಿಗೆ ಉಪಯೋಗವಾಗಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಒಂದು ಮಾತನ್ನು ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ. ನೀವು ಸುರಿದ ರೊಕ್ಕಕ್ಕೆ ಯಾರೂ ಬೆಲೆ ಕೊಡುವುದಿಲ್ಲ. ಗಾಡಿ ಎಷ್ಟು ಓಡುತ್ತದೆ, ಇನ್ನೆಷ್ಟು ದಿನ ಓಡೀತು ಅನ್ನುವುದಕ್ಕೆ ನಿಮ್ಮ ಹತ್ತಿರ ಏನು ಪುರಾವೆ ಇದೆಯೋ, ಬೆಲೆ ಅದಕ್ಕೆ.

ಮೊದಲು ಆರ್‌ಸಿ ತೆಗೆದು ನೋಡಿ

ಬೆಲೆಯ ಮಾತಿಗಿಂತ ಮುಂಚೆ ಗಾಡಿಯ ಕಾಗದ ಯಾವ ಸ್ಥಿತಿಯಲ್ಲಿದೆ ಎಂದು ತಿಳಿದುಕೊಳ್ಳಬೇಕು, ಯಾಕೆಂದರೆ ಗಿರಾಕಿ ಯಾರು ಅನ್ನುವುದನ್ನು ಅದೇ ತೀರ್ಮಾನಿಸುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿಯವರು ನಮೂದಿಸಿದ ಮೂಲ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸುವ ಹಾಗಿಲ್ಲ. 2019ರ ತಿದ್ದುಪಡಿಯಾದ ಮೇಲೆ 182ಎ ಸೆಕ್ಷನ್ ಅಡಿ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು.

ಹಾಗಾಗಿ ನಿಮ್ಮ ಗಾಡಿ ಈ ಮೂರರಲ್ಲಿ ಯಾವುದು ಎಂದು ಪ್ರಾಮಾಣಿಕವಾಗಿ ಹೇಳಿಕೊಳ್ಳಿ. ಆರ್‌ಸಿ ಚಾಲ್ತಿಯಲ್ಲಿದ್ದು, ಬಾಡಿ ಕೊಯ್ಯದೆ, ಕೇಜನ್ನೂ (ಗಾಡಿ ಪಲ್ಟಿಯಾದರೆ ಚಾಲಕನನ್ನು ಕಾಯುವ ಪೈಪಿನ ಪಂಜರ) ಬೋಲ್ಟ್ ಹಾಕಿ ಕೂರಿಸಿ, ಮೂಲ ಸಾಮಾನೆಲ್ಲ ಎತ್ತಿಟ್ಟಿದ್ದರೆ ಅದು ಎಲ್ಲಕ್ಕಿಂತ ಚೊಲೋ. ಬೇಕೆಂದವನು ಮತ್ತೆ ಮೊದಲಿನಂತೆ ಮಾಡಿಕೊಳ್ಳಬಹುದು. ಎರಡನೆಯದು, ಆರ್‌ಸಿ ಇದೆ ಆದರೆ ಎಂಜಿನ್ ಬೇರೆ. ಎಸ್ಟೀಮ್‌ಗೆ ಬಲೆನೊದ 1.6 ಎಂಜಿನ್ ಕೂರಿಸಿದವರು ನಮ್ಮಲ್ಲಿ ಬಹಳ ಜನ. ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ನಮೂದು ಮಾಡಿಸಿರದಿದ್ದರೆ ಎಂಜಿನ್ ನಂಬರ್ ಹೊಂದುವುದಿಲ್ಲ, ವರ್ಗಾವಣೆ ಅಲ್ಲಿಯೇ ನಿಲ್ಲುತ್ತದೆ. ಮೂರನೆಯದು, ನೋಂದಣಿ ರದ್ದು ಮಾಡಿಸಿದ, ಬರೀ ಟ್ರ್ಯಾಕಿನ ಗಾಡಿ. ಅದು ಟ್ರೇಲರ್ ಮೇಲೆಯೇ ಹೋಗಿ ಟ್ರೇಲರ್ ಮೇಲೆಯೇ ಬರಬೇಕು. ಅದರ ಗಿರಾಕಿಗಳು ಕಡಿಮೆ, ಆದರೆ ಬಂದವರು ಖಾತ್ರಿ ಇರುವವರು.

ಎಸ್ಟೀಮ್, ಹಳೆಯ ಝೆನ್‌ನಂಥ ಗಾಡಿಗಳೆಲ್ಲ ಈಗ 15 ವರ್ಷ ದಾಟಿವೆ. ಆರ್‌ಸಿ ನವೀಕರಿಸಿಲ್ಲದಿದ್ದರೆ ಮಾರುವ ಮುಂಚೆಯೇ ಫಾರ್ಮ್ 25 ಕೊಟ್ಟು, ತಪಾಸಣೆ ಮಾಡಿಸಿ, ಮುಂದಿನ 5 ವರ್ಷಕ್ಕೆ ಮಾಡಿಸಿಕೊಳ್ಳಿ. ತಪಾಸಣೆಗೆ ಮೂಲ ರೂಪದಲ್ಲೇ ಒಯ್ಯಬೇಕಾಗುತ್ತದೆ. ನಾನು ಮೂಲ ಸೀಟು, ಸೈಲೆನ್ಸರ್, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಎಲ್ಲ ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದೆ. ಹೆಂಡತಿ ಎರಡು ಸಲ ಗುಜರಿಗೆ ಹಾಕಲು ಹೊರಟಿದ್ದಳು. ಅವು ಉಳಿದದ್ದರಿಂದಲೇ ಕಡೆಗೆ ಒಳ್ಳೆಯ ಬೆಲೆ ಬಂತು.

ತಳ ಮತ್ತು ತುದಿ

ಈಗ ಬೆಲೆ. ಎರಡು ಅಂಕಿ ಹಿಡಿಯಬೇಕು. ಗಾಡಿ ಬಿಚ್ಚಿ ಬಿಡಿಬಿಡಿಯಾಗಿ ಮಾರಿದರೆ ಕೈಗೆ ಬರುವುದು ತಳ. ಇಂಥದೇ ಗಾಡಿಯನ್ನು ಬೇರೆಯವನೊಬ್ಬ ಇವತ್ತು ಸೆಕೆಂಡ್‌ಹ್ಯಾಂಡ್ ಸಾಮಾನು ತಂದು ಕಟ್ಟಿದರೆ ಆಗುವ ಖರ್ಚು ತುದಿ. ನಿಮ್ಮ ಬೆಲೆ ಇವೆರಡರ ನಡುವೆ ಎಲ್ಲೋ ಇರುತ್ತದೆ, ತುದಿಯನ್ನು ದಾಟುವುದು ಬಹಳ ಅಪರೂಪ.

ನನ್ನ ಲೆಕ್ಕವನ್ನೇ ಬಿಚ್ಚಿಡುತ್ತೇನೆ. ಗಾಡಿ ಕೊಂಡದ್ದು 60 ಸಾವಿರ. ಎಂಜಿನ್ ಕೆಲಸ, ಅಂದರೆ ಪಿಸ್ಟನ್, ರಾಡ್, ಕ್ಯಾಮ್, ಹೆಡ್ ಎಲ್ಲ ಸೇರಿ 2 ಲಕ್ಷ 10 ಸಾವಿರ. ಇಸಿಯು ಮತ್ತು ವೈರಿಂಗ್ 1 ಲಕ್ಷ 40 ಸಾವಿರ. ಗೇರ್‌ಬಾಕ್ಸ್ ಮತ್ತು ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಜಾರಿ ತಿರುಗದಂತೆ ತಡೆಯುವ ಭಾಗ) 1 ಲಕ್ಷ 10 ಸಾವಿರ. ಸಸ್ಪೆನ್ಷನ್, ವ್ಹೀಲು, ಸ್ಲಿಕ್ ಟೈರು (ಗೀರಿಲ್ಲದ ರೇಸ್ ಟೈರು) 90 ಸಾವಿರ. ಕೇಜು, ಸೀಟು, ಹಾರ್ನೆಸ್ (ರೇಸಿನ ಸೀಟ್ ಬೆಲ್ಟ್) 85 ಸಾವಿರ. ಲೇಥ್, ಕೂಲಿ, ಡೈನೊ (ಗಾಡಿಯ ಶಕ್ತಿ ಅಳೆಯುವ ಯಂತ್ರ) 1 ಲಕ್ಷ 20 ಸಾವಿರ. ಒಟ್ಟು 8,15,000.

ಬಿಚ್ಚಿ ಮಾರಿದರೆ? ಇಸಿಯುಗೆ 85 ಸಾವಿರ, ಗೇರ್‌ಬಾಕ್ಸ್‌ಗೆ 65, ಎಂಜಿನ್ ಸಾಮಾನಿಗೆ 70, ವ್ಹೀಲು ಟೈರಿಗೆ 40, ಸೀಟಿಗೆ 15, ಉಳಿದ ಬಾಡಿಗೆ 25. ಕೂಡಿದರೆ 3 ಲಕ್ಷ. ಲೇಥ್ ಕೆಲಸ, ಕೂಲಿ, ಡೈನೊ ಇವಕ್ಕೆ ಮರುಮಾರಾಟ ಬೆಲೆಯೇ ಇಲ್ಲ ಎಂಬುದನ್ನು ಗಮನಿಸಿ. ಹಾರ್ನೆಸ್‌ಗೂ ಸೊನ್ನೆ. ಎಫ್‌ಐಎ (ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ) ಗುರುತಿನ ಬೆಲ್ಟಿನ ಮೇಲೆ ಯಾವ ವರ್ಷದವರೆಗೆ ನಡೆಯುತ್ತದೆ ಎಂದು ಲೇಬಲ್ ಹೊಲಿದಿರುತ್ತಾರೆ, ನನ್ನದರ ಅವಧಿ ಮುಗಿದಿತ್ತು. ತುದಿಯ ಬೆಲೆಯನ್ನು ಇಬ್ಬರು ಮಿಸ್ತ್ರಿಗಳ ಜೊತೆ ಕೂತು ಲೆಕ್ಕ ಹಾಕಿಸಿದೆ. ಇಬ್ಬರೂ ಐದೂವರೆ ಲಕ್ಷದ ಆಸುಪಾಸಿಗೆ ಬಂದರು.

ತಳ 3, ತುದಿ 5.5. ನಡುವಿನ ಎರಡೂವರೆ ಲಕ್ಷಕ್ಕೇ ಇನ್ನು ಮುಂದಿನ ಎಲ್ಲ ಕೆಲಸ.

ಟೈಮ್ ಸ್ಲಿಪ್ ಎಂಬ ಚೀಟಿ

ಡ್ರ್ಯಾಗ್ ಕಾರಿಗೆ ಅದರ ಟೈಮ್ ಸ್ಲಿಪ್ಪೇ ಜಾತಕ. 402 ಮೀಟರ್ ಓಟದ ಸಮಯ, ಗೆರೆ ದಾಟುವಾಗಿನ ವೇಗ, ಮೊದಲ 60 ಅಡಿಯ ಸಮಯ, ಈ ಮೂರು ಇದ್ದರೆ ತಿಳಿದವನು ಗಾಡಿ ನೋಡದೆಯೇ ಅರ್ಧ ಅಳೆಯುತ್ತಾನೆ. ಫೋನಿನಲ್ಲಿ ಅಳೆದ ಸಮಯಕ್ಕೆ, ಹೆದ್ದಾರಿಯಲ್ಲಿ ಮಾಡಿದ ವಿಡಿಯೋಗೆ ಬೆಲೆ ಇಲ್ಲ. ಎಫ್‌ಎಂಎಸ್‌ಸಿಐ (ಭಾರತದ ಮೋಟಾರು ಕ್ರೀಡಾ ಒಕ್ಕೂಟ) ಮಾನ್ಯತೆಯ ಓಟದಲ್ಲಿ, ಉದಾಹರಣೆಗೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ಪಡೆದ ಸ್ಲಿಪ್ಪಿಗೆ ಬೆಲೆ ಇದೆ. ಒಂದೇ ಸ್ಲಿಪ್ ಸಾಲದು. ಒಂದೇ ದಿನದ ಮೂರು ನಾಲ್ಕು ಓಟ ಹತ್ತಿರ ಹತ್ತಿರ ಬಂದಿದ್ದರೆ ಗಾಡಿ ನಂಬಿಕಸ್ಥ ಎಂದರ್ಥ.

ನನ್ನದು 14.6 ಸೆಕೆಂಡ್, 150 ಕಿ.ಮೀ. ವೇಗ, 60 ಅಡಿಗೆ 2.1. ಈಗ ಎಚ್‌ಪಿ ಎಷ್ಟು? ಬಾಯಿಗೆ ಬಂದದ್ದು ಹೇಳಬೇಡಿ, ಸ್ಲಿಪ್ಪಿನಿಂದಲೇ ತೆಗೆಯಬಹುದು. ವೇಗವನ್ನು 376.6ರಿಂದ ಭಾಗಿಸಿ. ಬಂದ ಸಂಖ್ಯೆಯನ್ನು ಅದರಿಂದಲೇ ಎರಡು ಸಲ ಗುಣಿಸಿ. ಅದನ್ನು ಚಾಲಕನ ಸಮೇತ ಗಾಡಿಯ ತೂಕಕ್ಕೆ, ಮತ್ತೆ 2.2ಕ್ಕೆ ಗುಣಿಸಿ. ನನ್ನ ಗಾಡಿಯ ತೂಕ 815 ಕೆಜಿ. 150 ಭಾಗಿಸು 376.6 ಅಂದರೆ 0.398, ಅದರ ಘನ 0.063. ಲೆಕ್ಕ ಮುಗಿದಾಗ 113 ಎಚ್‌ಪಿ. ಅಂದಾಜು ಲೆಕ್ಕವೇ ಆದರೂ ಮೋಸಕ್ಕೆ ಎಡೆ ಕೊಡುವುದಿಲ್ಲ. ಮೂಲತಃ ಆ 1.3 ಎಂಜಿನ್ನಿಗೆ ಇದ್ದದ್ದು 85 ಪಿಎಸ್, ಎಚ್‌ಪಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಟರ್ಬೊ ಇಲ್ಲದೆ 113 ತಲುಪಿಸಿದ್ದೇ ದೊಡ್ಡ ಮಾತು. ಅದನ್ನು ಬಿಟ್ಟು 150 ಎಚ್‌ಪಿ ಎಂದು ಬರೆದರೆ, ತಿಳಿದವನು ಈ ಲೆಕ್ಕ ಹಾಕಿ ಫೋನ್ ಇಟ್ಟುಬಿಡುತ್ತಾನೆ.

ತೂಕವನ್ನು ಕಾಟಾದಲ್ಲೇ ಮಾಡಿಸಿ ಚೀಟಿ ಇಟ್ಟುಕೊಳ್ಳಿ. ಕಬ್ಬಿನ ಟ್ರ್ಯಾಕ್ಟರ್ ತೂಗುವ ದೊಡ್ಡ ಕಾಟಾದಲ್ಲಿ ಹತ್ತಿಪ್ಪತ್ತು ಕೆಜಿ ಹೆಚ್ಚುಕಮ್ಮಿ ಬರುತ್ತದೆ, ಸಣ್ಣ ಕಾಟಾ ಹುಡುಕಿ.

ನಮ್ಮೂರಿನವರು ಮರೆಯುವ ಇನ್ನೊಂದು ಸಂಗತಿ ಎತ್ತರ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ, ಬೆಂಗಳೂರು 900ರ ಹತ್ತಿರ. ಟರ್ಬೊ ಇಲ್ಲದ ಎಂಜಿನ್ ಪ್ರತಿ 300 ಮೀಟರಿಗೆ ಹೆಚ್ಚುಕಡಿಮೆ ನೂರಕ್ಕೆ ಮೂರರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಇಲ್ಲಿ ಬೆವರು ಹರಿಸಿದರೂ ಬಾರದ ಸಮಯ ಇರುಂಗಾಟ್ಟುಕೋಟೈನಲ್ಲಿ ತಾನಾಗಿ ಬರುವುದು ಇದೇ ಕಾರಣಕ್ಕೆ. ಸ್ಲಿಪ್ ಎಲ್ಲಿಯದು, ಡೈನೊ ಎಲ್ಲಿಯದು, ಎತ್ತರಕ್ಕೆ ತಕ್ಕಂತೆ ತಿದ್ದಿದ ಅಂಕಿಯೋ ತಿದ್ದದ ಅಂಕಿಯೋ ಎಂದು ಬರೆದಿಡಿ. 60 ಅಡಿಯ ಸಮಯವನ್ನೂ ಮುಚ್ಚಿಡಬೇಡಿ. ಅಲ್ಲಿ 0.1 ಸೆಕೆಂಡ್ ಉಳಿಸಿದರೆ ಕೊನೆಯಲ್ಲಿ 0.15ರಿಂದ 0.2ರವರೆಗೆ ಉಳಿಯುತ್ತದೆ. ಕೊಳ್ಳುವವನಿಗೆ "ಇದರಲ್ಲಿ ಇನ್ನೂ ಸಮಯ ಇದೆ" ಎಂದು ಕಾಣುವುದು ಅಲ್ಲಿಯೇ.

ಸ್ಲಿಪ್ ಇಲ್ಲವೇ ಇಲ್ಲ ಅನ್ನುವವರು ಮಾರುವ ಮೊದಲು ಒಂದು ಓಟಕ್ಕೆ ಗಾಡಿ ಒಯ್ಯಿರಿ. ಟ್ರೇಲರ್ ಬಾಡಿಗೆ, ಪ್ರವೇಶ ಶುಲ್ಕ, ಊಟ ವಸತಿ ಖರ್ಚಾಗಲಿ. ನನ್ನ ಪ್ರಕಾರ ಮಾರುವವನು ಮಾಡುವ ಖರ್ಚಿನಲ್ಲಿ ತಿರುಗಿ ಬರುವುದು ಇದೊಂದೇ. ಹೊಸ ಬಣ್ಣ, ಹೊಸ ಸ್ಟಿಕರ್ ಯಾವುದೂ ತಿರುಗಿ ಬರುವುದಿಲ್ಲ.

ಎತ್ತಿನ ಹಲ್ಲು ನೋಡುವಂತೆ

ನನ್ನ ಎಸ್ಟೀಮ್ ನೋಡಲು ಜಮಖಂಡಿ ಕಡೆಯಿಂದ ಅಣ್ಣ ತಮ್ಮ ಇಬ್ಬರು ಬಂದರು, ಜೊತೆಗೆ ಅವರ ತಂದೆ. ಆ ಹಿರಿಯರು ಶರ್ಯತ್ತಿನ ಎತ್ತು ಸಾಕಿದವರು, ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡಿದವರು. ಶೆಡ್ಡಿನ ಬಾಗಿಲಲ್ಲಿ ನಿಂತು ಗಾಡಿಯನ್ನು ಒಮ್ಮೆ ಸುತ್ತಿ ನೋಡಿ ಕೇಳಿದರು: "ತಮ್ಮಾ, ಎತ್ತ ತರಾಕ ಹೋದ್ರ ಹಲ್ಲ ನೋಡ್ತೇವಿ, ಗೊರಸ ನೋಡ್ತೇವಿ, ನಾಕ ಹೆಜ್ಜಿ ನಡಸಿ ನೋಡ್ತೇವಿ. ಇದರಾಗ ಏನ ನೋಡೂದಪಾ?"

ಅದಕ್ಕಿಂತ ಸರಿಯಾದ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. "ಕಾಕಾರ, ಇದರ ಹಲ್ಲ ತೋರಸ್ತೀನಿ ತಡೀರಿ" ಎಂದು ಕೆಲಸ ಶುರು ಮಾಡಿದೆ.

ಗಿರಾಕಿ ಬರುವ ಮುಂಚೆ ಎಂಜಿನ್ ಬಿಸಿ ಮಾಡಿ ಇಡಬೇಡಿ. ತಮ್ಮ ಬಂದವನೇ ಕೈಯನ್ನು ರೇಡಿಯೇಟರ್ ಪೈಪಿನ ಮೇಲೆ ಇಟ್ಟು ನೋಡಿದ, ತಣ್ಣಗಿತ್ತು. ಅವರ ಎದುರೇ ತಣ್ಣನೆಯ ಎಂಜಿನ್ ಶುರು ಮಾಡಿದೆ. ಹೊಗೆ, ಸದ್ದು, ಆಯಿಲ್ ಪ್ರೆಷರ್ ಎಲ್ಲ ಅವರೇ ನೋಡಿಕೊಂಡರು. ಬಿಸಿಯಾದ ಮೇಲೆ ಬಂದ್ ಮಾಡಿ ನಾಲ್ಕೂ ಪ್ಲಗ್ ಬಿಚ್ಚಿ ಕ್ರಮವಾಗಿ ಹಳೆಯ ಪಂಚೆಯ ಮೇಲೆ ಸಾಲಾಗಿ ಇಟ್ಟೆ. ನಾಲ್ಕೂ ಒಂದೇ ಬಣ್ಣ, ತಿಳಿಕಂದು. "ಇವ ಹಲ್ಲ ರೀ" ಅಂದೆ. ಹಿರಿಯರು ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದು ನೋಡಿದರು.

ಆಮೇಲೆ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡದ ಪರೀಕ್ಷೆ. ನಾಲ್ಕೂ ಪ್ಲಗ್ ಹೊರಗಿರಬೇಕು, ಪೆಟ್ರೋಲ್ ಮತ್ತು ಕರೆಂಟ್ ಕಡಿದಿರಬೇಕು, ಆಕ್ಸಲರೇಟರ್ ಪೂರ್ತಿ ಒತ್ತಿ ಹಿಡಿಯಬೇಕು. 198, 195, 200, 196 ಪಿಎಸ್‌ಐ ಬಂತು. ಹೆಚ್ಚಿನದಕ್ಕೂ ಕಡಿಮೆಯದಕ್ಕೂ ನೂರಕ್ಕೆ ಹತ್ತರಷ್ಟು ವ್ಯತ್ಯಾಸ ದಾಟಬಾರದು. ಲೀಕ್‌ಡೌನ್ ಗೇಜ್ (ಸಿಲಿಂಡರಿನಿಂದ ಗಾಳಿ ಎಷ್ಟು ಸೋರುತ್ತದೆ ಎಂದು ತೋರಿಸುವುದು) ಇದ್ದರೆ ಅದನ್ನೂ ಮಾಡಿ. ಸೋರಿಕೆ ನೂರಕ್ಕೆ ಹತ್ತರೊಳಗೆ ಬಂದರೆ ಒಳ್ಳೆಯದು, ಇಪ್ಪತ್ತು ದಾಟಿದರೆ ಎಂಜಿನ್ ಬಿಚ್ಚುವ ಕಾಲ ಬಂದಿದೆ. ಇಂಥ ಎಂಜಿನ್ ಇದ್ದರೆ ಹಾಗೆಂದೇ ಹೇಳಿ ಬೆಲೆ ಇಳಿಸಿ, ಅದರಲ್ಲಿ ನಾಚಿಕೆಯೇನಿಲ್ಲ.

ಕೊನೆಗೆ ಹಿಂದಿನ ಓಟದ ಆಯಿಲ್ ಫಿಲ್ಟರ್ ತೆಗೆದುಕೊಂಡು ಹ್ಯಾಕ್ಸಾದಲ್ಲಿ ಕೊಯ್ದು, ಒಳಗಿನ ಕಾಗದದ ಮಡಿಕೆಗಳನ್ನು ಬಿಳಿ ಬಟ್ಟೆಯ ಮೇಲೆ ಹಿಂಡಿ ಹರವಿದೆ. ಕಪ್ಪು ಆಯಿಲ್ ಮಾತ್ರ, ಹೊಳೆಯುವ ಚೂರು ಇಲ್ಲ. ತಾಮ್ರದ ಬಣ್ಣದ ಚೂರು ಕಂಡರೆ ಬೇರಿಂಗ್ ಹೋಗುತ್ತಿದೆ ಎಂದರ್ಥ. ಅಣ್ಣ ಅದನ್ನು ಫೋನಿನ ಟಾರ್ಚ್ ಹಾಕಿ ಎರಡು ನಿಮಿಷ ನೋಡಿ ಕೇಳಿದ:

"ಅಣ್ಣಾರ, ಎಂಜಿನ್ ಎಷ್ಟ ಸಲ ಬಿಚ್ಚೀರಿ?"

"ಎರಡ ಸಲ ರೀ. ಕಡೀಕ ಕಟ್ಟಿದ ಮ್ಯಾಲೆ 22 ಓಟ ಆಗ್ಯಾವ."

ಆ 22 ನಾನು ಬಾಯಲ್ಲಿ ಹೇಳಿದ್ದಲ್ಲ, ನೋಟ್‌ಬುಕ್ ತೆರೆದು ತೋರಿಸಿದ್ದು. ಪ್ರತಿ ಓಟದ ದಿನಾಂಕ, ಸಮಯ, ಟೈರಿನ ಗಾಳಿ, ಎಷ್ಟು ಆರ್‌ಪಿಎಂನಲ್ಲಿ ಕ್ಲಚ್ ಬಿಟ್ಟದ್ದು, ಆಯಿಲ್ ಬದಲಿಸಿದ್ದು ಎಲ್ಲ ಅದರಲ್ಲಿತ್ತು. ಕ್ರ್ಯಾಂಕ್ ಗ್ರೈಂಡಿಂಗ್ ಮಾಡಿದ ಕಡೆಯ ಬಿಲ್ಲು, ಬಿರುಕು ತಪಾಸಣೆಯ ಚೀಟಿ ಅದಕ್ಕೇ ಅಂಟಿಸಿದ್ದೆ. ಫೌಂಡ್ರಿ, ಮಷಿನ್ ಶಾಪ್ ತುಂಬಿದ ಊರಲ್ಲಿ ಇದ್ದೇವೆ, ಇಂಥ ತಪಾಸಣೆ ನಮಗೆ ಕೈಗೆಟಕುವ ಹಾಗಿದೆ. ಆ ಒಂದು ನೂರು ಪುಟದ ನೋಟ್‌ಬುಕ್ ನನಗೆ ಏನಿಲ್ಲವೆಂದರೂ 50 ಸಾವಿರ ತಂದುಕೊಟ್ಟಿದೆ.

ಕೇಜಿನ ಬಗ್ಗೆ ಒಂದು ಮಾತು. ಎಫ್‌ಐಎ ನಿಯಮದಲ್ಲಿ ಮುಖ್ಯ ಹೂಪಿಗೆ (ಚಾಲಕನ ಹಿಂದಿನ ಕಮಾನು) ಕಡಿಮೆಯೆಂದರೆ 45 ಮಿ.ಮೀ. ವ್ಯಾಸದ (ಸುತ್ತಳತೆಯಲ್ಲ), 2.5 ಮಿ.ಮೀ. ದಪ್ಪದ ಸೀಮ್‌ಲೆಸ್ ಪೈಪ್ ಬೇಕು, ಇಲ್ಲವೇ 50 ವ್ಯಾಸಕ್ಕೆ 2 ದಪ್ಪ. ಗೇಟ್ ಮಾಡುವ ಪೈಪಿನಿಂದ ಕಟ್ಟಿದ ಕೇಜ್ ಇದ್ದರೆ ಅದನ್ನು ಬಿಚ್ಚಿಟ್ಟು ಗಾಡಿ ಮಾರಿ. ಅದರೊಳಗೆ ಮುಂದೆ ಒಬ್ಬ ಹುಡುಗ ಕೂರುತ್ತಾನೆ. ನೈಟ್ರಸ್ (ಎಂಜಿನ್ನಿಗೆ ಹೆಚ್ಚಿನ ಶಕ್ತಿ ಕೊಡುವ ಅನಿಲ) ಸಿಲಿಂಡರ್ ಇದ್ದರೆ ಅದನ್ನೂ ಬೇರೆಯಾಗಿ ಇಡಿ, ಪ್ರೆಷರ್ ಪರೀಕ್ಷೆಯ ದಿನಾಂಕ ದಾಟಿದ್ದನ್ನು ಕೊಡಬೇಡಿ.

ಓಡಿಸಿ ತೋರಿಸಿ ಎಂದು ಕೇಳಿಯೇ ಕೇಳುತ್ತಾರೆ. ಹೆದ್ದಾರಿಗಾಗಲಿ, ಸಾಂಬ್ರಾ ರಸ್ತೆಗಾಗಲಿ ಇಳಿಸಬೇಡಿ. ಸಾರ್ವಜನಿಕ ಜಾಗದಲ್ಲಿ ರೇಸ್ ಅಥವಾ ವೇಗದ ಪರೀಕ್ಷೆ ಮಾಡಿದರೆ 189ನೇ ಸೆಕ್ಷನ್ ಪ್ರಕಾರ ಮೂರು ತಿಂಗಳವರೆಗೆ ಜೈಲು ಅಥವಾ 5,000 ದಂಡ ಇದೆ. ಸಾಮಾನ್ಯ ವಿಮೆಯೂ ರೇಸಿಗೆ, ವೇಗಪರೀಕ್ಷೆಗೆ ನಡೆಯುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ದಾರಿಯಲ್ಲಿ ಕಬ್ಬಿನ ಗಾಡಿ, ಶಾಲೆಯ ಮಕ್ಕಳು ಇರುತ್ತಾರೆ. ಡೈನೊ ಮೇಲೆ ತೋರಿಸಿ, ಇಲ್ಲವೇ ಮುಂದಿನ ಓಟಕ್ಕೆ ಬನ್ನಿ ಎಂದು ಕರೆಯಿರಿ.

ಎಲ್ಲಿ ಹಾಕಬೇಕು, ಏನು ಬರೆಯಬೇಕು

ಸಾಮಾನ್ಯ ಸೆಕೆಂಡ್‌ಹ್ಯಾಂಡ್ ಕಾರಿನ ಆ್ಯಪ್‌ಗಳಲ್ಲಿ ಹಾಕಿದರೆ "ಮೈಲೇಜ್ ಎಷ್ಟು, ಎಸಿ ಇದೆಯಾ" ಎಂಬ ಫೋನುಗಳೇ ಬರುತ್ತವೆ. ನಿಮ್ಮ ಗಿರಾಕಿ ಇರುವುದು ಓಟದ ಪಿಟ್‌ನಲ್ಲಿ, ಟ್ಯೂನಿಂಗ್ ಗ್ಯಾರೇಜುಗಳಲ್ಲಿ, ಹುಬ್ಬಳ್ಳಿ, ಕೊಲ್ಲಾಪುರ, ಪುಣೆ, ಗೋವಾ, ಬೆಂಗಳೂರು, ಕೊಯಮತ್ತೂರಿನ ರೇಸ್ ಗುಂಪುಗಳಲ್ಲಿ. ಗಾಡಿ ಟ್ಯೂನ್ ಮಾಡಿದವರಿಗೆ ಮೊದಲು ಹೇಳಿ. ಆ ಎಂಜಿನ್ನಿನ ಗುಣ ಅವರಿಗೆ ಗೊತ್ತು, ಅವರ ಒಂದು ಮಾತು ನಿಮ್ಮ ಹತ್ತು ಫೋಟೋಗೆ ಸಮ. ದೊಡ್ಡ ಓಟಕ್ಕೆ ಒಂದೂವರೆ ತಿಂಗಳು ಇರುವಾಗ ಹಾಕಿ. ಓಟ ಮುಗಿದ ಮರುವಾರ ಯಾರ ಜೇಬಿನಲ್ಲೂ ರೊಕ್ಕ ಇರುವುದಿಲ್ಲ.

ನಾನು ಹಾಕಿದ್ದು ಇಷ್ಟೇ: "ಎಸ್ಟೀಮ್ 1.3, 16 ವಾಲ್ವ್, ಟರ್ಬೊ ಇಲ್ಲ. 402 ಮೀ. 14.6 ಸೆ., 150 ಕಿ.ಮೀ., ಸ್ಲಿಪ್ ಇವೆ. ಚಾಲಕನ ಸಮೇತ 815 ಕೆಜಿ. ಎಂಜಿನ್ ಕಟ್ಟಿದ ಮೇಲೆ 22 ಓಟ. ಮೂರನೇ ಗೇರಿನ ಸಿಂಕ್ರೊ ಸವೆದಿದೆ. ಹಾರ್ನೆಸ್ ಅವಧಿ ಮುಗಿದಿದೆ. ಆರ್‌ಸಿ ಚಾಲ್ತಿ, ಎಂಜಿನ್ ನಂಬರ್ ಹೊಂದುತ್ತದೆ, ಈಗಿನ ರೂಪದಲ್ಲಿ ರಸ್ತೆಗೆ ಅಲ್ಲ. ಮೂಲ ಸಾಮಾನು ಜೊತೆಗಿದೆ. ಬೆಳಗಾವಿ. 4.90 ಲಕ್ಷ." ಸಿಂಕ್ರೊ (ಗೇರ್ ಸಲೀಸಾಗಿ ಬೀಳುವಂತೆ ಮಾಡುವ ಭಾಗ) ವಿಷಯ ಯಾಕೆ ಬರೆದೆ ಎಂದು ಗೆಳೆಯರು ಬೈದರು. ಆದರೆ ಜಮಖಂಡಿಯ ಅಣ್ಣ ಫೋನ್ ಮಾಡಿದ್ದೇ ಆ ಸಾಲು ಓದಿ. ತಪ್ಪನ್ನು ತಾನೇ ಹೇಳುವವನು ಉಳಿದದ್ದನ್ನು ಮುಚ್ಚಿಡಲಾರ ಅನ್ನಿಸಿತಂತೆ.

ಚೌಕಾಸಿ

ಬೆಲೆ ಬರೆದೇ ಹಾಕಿ, "ಬಂದು ಮಾತಾಡೋಣ" ಬೇಡ. ಹೇಳುವ ಬೆಲೆ ಮತ್ತು ಕೊಡುವ ಬೆಲೆಯ ನಡುವೆ ಐದಾರು ಪರ್ಸೆಂಟ್ ಜಾಗ ಸಾಕು. ಅವರು ಇನ್ನೂ ಇಳಿಸಿ ಎಂದಾಗ ರೊಕ್ಕ ಇಳಿಸುವ ಬದಲು ಸಾಮಾನು ತೆಗೆಯಿರಿ. ಜಮಖಂಡಿಯವರು 4.40 ಅಂದಾಗ "ಹಂಗಾದ್ರ ಸ್ಲಿಕ್ ಟೈರ್ ಜೋಡಿ ನನ್ನ ಕಡೆ ಉಳೀತಾವ" ಅಂದೆ. ತಮ್ಮನ ಮುಖ ಸಣ್ಣದಾಯಿತು. ಹಿರಿಯರು ನಡುವೆ ಬಂದು 4.60ಕ್ಕೆ ಟೈರ್ ಸಮೇತ ಮುಗಿಸಿದರು.

ಮುಂಗಡ ಪಡೆದರೆ ಎಷ್ಟು ದಿನ ಕಾಯುತ್ತೀರಿ, ಆಮೇಲೆ ಅದು ವಾಪಸ್ಸೋ ಇಲ್ಲವೋ ಎಂದು ಆಗಲೇ ಬರೆದುಕೊಳ್ಳಿ. ನಾನು 15 ದಿನ ಇಟ್ಟಿದ್ದೆ. ಉಳಿದದ್ದೆಲ್ಲ ಬ್ಯಾಂಕ್ ಮೂಲಕ. ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ತಡೆಯುತ್ತದೆ, ಪಡೆದವನಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಕಾಗದ ಬದಲಾಗದೆ ಗಾಡಿ ಹೋಗಬಾರದು

ಮೊದಲ ಗಾಡಿಯ ಕಥೆ ಇಲ್ಲಿ ಬರುತ್ತದೆ. ಅದನ್ನು ಕೊಂಡವರು ಪರಿಚಯದವರ ಪರಿಚಯ. ಮಾಲೀಕತ್ವ ಬದಲಿಸುವ ಫಾರ್ಮ್ 29, 30ಕ್ಕೆ ಖಾಲಿಯಾಗಿ ಸಹಿ ಹಾಕಿ ಕೊಟ್ಟುಬಿಟ್ಟೆ. "ನಾಳೆ ಮಾಡಸ್ತೀನ್ರಿ" ಎಂದವರು ಮಾಡಿಸಲೇ ಇಲ್ಲ. ಹದಿನಾಲ್ಕು ತಿಂಗಳ ಮೇಲೆ ಅಪಘಾತದ ಒಂದು ಪ್ರಕರಣದಲ್ಲಿ ನನ್ನ ಹೆಸರಿಗೆ ನೋಟಿಸು ಬಂತು. ಗಾಡಿ ಆಗ ಮೂರನೆಯವರ ಕೈಯಲ್ಲಿತ್ತು. ಕೈ ಬದಲಾಗಿದ್ದರೂ ದಾಖಲೆಯಲ್ಲಿ ಹೆಸರಿರುವವನೇ ಮಾಲೀಕ, ಹೊಣೆ ಅವನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ವಕೀಲರ ಫೀ, ಕೋರ್ಟಿನ ಓಡಾಟದಲ್ಲಿ ಗಾಡಿಯಿಂದ ಬಂದ ರೊಕ್ಕದ ಅರ್ಧ ಹೋಯಿತು. ತಾಯಿ ಆ ಒಂದು ವರ್ಷ ಮನೆ ಬಾಗಿಲು ಬಡಿದರೆ ಬೆಚ್ಚುತ್ತಿದ್ದಳು.

ಹಾಗಾಗಿ ಈ ಸಲ ಕೊಂಡವರ ಜೊತೆ ನಾನೇ ಕೂತು ಅರ್ಜಿ ಹಾಕಿಸಿದೆ. ನೀವು ಫಾರ್ಮ್ 29ರಲ್ಲಿ ಮಾರಿದ ಸಂಗತಿಯನ್ನು 14 ದಿನದೊಳಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು. ಕೊಲ್ಲಾಪುರ, ಗೋವಾದಂಥ ಬೇರೆ ರಾಜ್ಯಕ್ಕೆ ಹೋದರೆ ಫಾರ್ಮ್ 28ರ ಎನ್‌ಒಸಿ ಬೇಕು. ಸಾಲ ಇದ್ದ ಗಾಡಿಯಾದರೆ ಫಾರ್ಮ್ 35 ಕೊಟ್ಟು ಆರ್‌ಸಿಯಲ್ಲಿನ ಸಾಲದ ನಮೂದನ್ನು ಮೊದಲು ತೆಗೆಸಿ. ನನ್ನದು ಕೆಎ 22, ಅವರದು ಕೆಎ 48 ಜಮಖಂಡಿ, ಒಂದೇ ರಾಜ್ಯವಾದ್ದರಿಂದ ಎನ್‌ಒಸಿ ತಾಪತ್ರಯ ಇರಲಿಲ್ಲ. ಪರಿವಾಹನ್ ಜಾಲತಾಣದಲ್ಲಿ ಹೊಸ ಹೆಸರು ಕಾಣುವವರೆಗೆ ಮೂಲ ಇಸಿಯು ಇದ್ದ ಗೋಣಿಚೀಲ ನನ್ನ ಬಳಿಯೇ ಇತ್ತು. ಅದನ್ನು ಮೊದಲೇ ಹೇಳಿ ಒಪ್ಪಿಸಿದ್ದೆ.

ಇದರ ಜೊತೆ ಇ-ಸ್ಟಾಂಪ್ ಕಾಗದದ ಮೇಲೆ ಒಂದು ಕರಾರು. ಚಾಸಿಸ್ ಮತ್ತು ಎಂಜಿನ್ ನಂಬರ್, ಮೊತ್ತ, ಕೊಟ್ಟ ಸಾಮಾನಿನ ಪಟ್ಟಿ, ತಿಳಿಸಿದ ದೋಷಗಳು, ಗಾಡಿ ಒಪ್ಪಿಸಿದ ದಿನ ಮತ್ತು ಗಂಟೆ. "ರೇಸಿಗಾಗಿ ಮಾರ್ಪಡಿಸಿದ ಗಾಡಿ, ಇರುವ ಸ್ಥಿತಿಯಲ್ಲಿ ಪರೀಕ್ಷಿಸಿ ಕೊಂಡಿದ್ದೇನೆ, ಎಂಜಿನ್ನಿಗೆ ಗ್ಯಾರಂಟಿ ಇಲ್ಲ" ಎಂಬ ಸಾಲು ತಪ್ಪದೆ ಇರಲಿ. ಡ್ರ್ಯಾಗ್ ಎಂಜಿನ್ ಮುಂದಿನ ಓಟದಲ್ಲೇ ಒಡೆಯಬಹುದು, ಅದನ್ನು ಇಬ್ಬರೂ ಒಪ್ಪಿ ಸಹಿ ಹಾಕಿರಬೇಕು.

ಒಪ್ಪಿಸುವ ದಿನ

ಇಸಿಯು ಪಾಸ್‌ವರ್ಡ್ ಮತ್ತು ಮ್ಯಾಪ್ ಫೈಲ್ (ಇಸಿಯು ಎಂಜಿನ್ನನ್ನು ಹೇಗೆ ನಡೆಸಬೇಕು ಎಂಬ ಲೆಕ್ಕ) ಕೊಡುವುದನ್ನು ಮರೆಯುವವರು ಬಹಳ. ಅದಿಲ್ಲದೆ ಹೊಸ ಮಾಲೀಕನ ಕೈ ಕಟ್ಟಿದಂತೆ. ಮ್ಯಾಪ್ ಯಾವ ಪೆಟ್ರೋಲಿಗೆ ಮಾಡಿದ್ದು ಎಂದು ಡ್ಯಾಶ್‌ಬೋರ್ಡಿನ ಮೇಲೆಯೇ ಬರೆದು ಅಂಟಿಸಿ. ನನ್ನದು 100 ಆಕ್ಟೇನಿಗೆ ಟ್ಯೂನ್ ಆದದ್ದು. ಅದಕ್ಕೆ ಬಂಕಿನ ಸಾದಾ ಪೆಟ್ರೋಲ್ ಹಾಕಿ ಪೂರ್ತಿ ಒತ್ತಿದರೆ ಪಿಸ್ಟನ್ ಉಳಿಯುವುದಿಲ್ಲ. ಎಷ್ಟು ಬಿಸಿಯಾದ ಮೇಲೆ ಓಡಿಸಬೇಕು, ಎಷ್ಟು ಆರ್‌ಪಿಎಂ ಮಿತಿ, ಯಾವ ಬೋಲ್ಟ್ ಪ್ರತಿ ಓಟಕ್ಕೂ ಬಿಗಿ ನೋಡಬೇಕು ಎಂಬುದನ್ನು ತಮ್ಮನಿಗೆ ಒಂದು ಮಧ್ಯಾಹ್ನ ಪೂರ್ತಿ ಕೂತು ಹೇಳಿಕೊಟ್ಟೆ, ಅವನು ಬರೆದುಕೊಂಡ. ಟ್ರೇಲರ್ ಮೇಲೆ ಏರಿಸಿದಾಗ ಬೆಲ್ಟನ್ನು ಬಾಡಿಗಲ್ಲ, ವ್ಹೀಲುಗಳಿಗೆ ಕಟ್ಟಿಸಿದೆ. ರಸ್ತೆಯ ಗುಂಡಿಗೆ ಸಸ್ಪೆನ್ಷನ್ ಕುಣಿದಾಗ ಸಡಿಲಾಗಬಾರದು.

ಎರಡು ತಿಂಗಳ ಮೇಲೆ ಒಂದು ಭಾನುವಾರ ಸಂಜೆ ಆ ತಮ್ಮನ ಫೋನು ಬಂತು. ಹಿಂದೆ ಎಂಜಿನ್ ಸದ್ದು, ಜನರ ಕೂಗು.

"ಅಣ್ಣಾರ, 14.5 ಬಂತ್ರಿ!"

"60 ಅಡಿ ಎಷ್ಟ ಬಂತು?"

"2.04 ರೀ. ಟೈರಿನ ಗಾಳಿ ನೀವ ಬರದಿದ್ರೆಲ್ಲಾ, ಅದಕ್ಕಿಂತ ಒಂದ ಪೌಂಡ್ ಕಡಿಮಿ ಮಾಡಿದ್ನಿ."

ನೋಟ್‌ಬುಕ್ಕಿನಲ್ಲಿ ಬರೆದಿಡು ಅಂದೆ. ಆಗಲೇ ಬರೆದಿದ್ದನಂತೆ.